‘ಚಿನ್ನಾ’ ಎಂಬ ಕರೆಯ ಉದ್ದ, ತೂಕ ಮತ್ತು ಶನಿವಾರದ ಕುರಿತು

ಸಂಬೋಧನೆಗಳ ಮೇಲ್ವಿಚಾರಣಾ ಇಲಾಖೆ
(ಮುದ್ದು ಶಾಖೆ, ಎರಡನೇ ಮಹಡಿ, ಕೆಟ್ಟಿರುವ ನೀರಿನ ಫಿಲ್ಟರಿನ ಎದುರು)

ಸಂಖ್ಯೆ: ಸಂಮೇಇ/ಮುದ್ದು/ಚಿನ್ನ/ಪ್ಲುತ-3/41
ದಿನಾಂಕ: ಶುಕ್ರವಾರ, ಊಟದ ಬಿಡುವಿನಲ್ಲಿ

ಸುತ್ತೋಲೆ
(ಅತಿ ತುರ್ತು. ನಿಂತಲ್ಲೇ ಓದತಕ್ಕದ್ದು.)

ವಿಷಯ: ಮನೆಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಆಯಾಗಳನ್ನು ಮಾಲೀಕರು ‘ಚಿನ್ನ’, ‘ಬಂಗಾರಿ’, ‘ಪುಟ್ಟಿ’, ‘ನಮ್ಮನೆಯವಳೇ’ ಮುಂತಾದ ಮುದ್ದು ಪದಗಳಿಂದ ಕರೆಯುತ್ತಿರುವುದನ್ನು ಕ್ರಮಬದ್ಧಗೊಳಿಸುವ ಬಗ್ಗೆ.

ಉಲ್ಲೇಖ:
1) ನಾಲ್ಕನೇ ಮಹಡಿಯ ಮನೆಯೊಂದರ ಆಯಾ ಅವರು ಮಂಗಳವಾರ ಲಿಫ್ಟಿನಲ್ಲಿ, ನಾಲ್ಕನೇ ಮಹಡಿ ಬಿಟ್ಟು ನೆಲ ಮುಟ್ಟುವುದರೊಳಗೆ ಸಲ್ಲಿಸಿದ ಮೌಖಿಕ ದೂರು.
2) ‘ಈ ಹೆಸರಿನವರು ಈ ಮನೆಯಲ್ಲಿ ಇಲ್ಲ’ ಎಂಬ ಷರಾದೊಂದಿಗೆ ವಾಪಸಾದ ಲಕೋಟೆ, ಒಂದು.
3) ಸ್ಥಳ ಪರಿಶೀಲಕರ ವರದಿ (ಒಟ್ಟು ಪುಟಗಳು 212, ಬಾಳೆಹಣ್ಣು ಮೆತ್ತಿದ ಪುಟಗಳು 9).
4) ಮೇಲಧಿಕಾರಿಗಳನ್ನು ‘ತಂದೆ ಸಮಾನರು’ ಎನ್ನುವುದನ್ನು ನಿಷೇಧಿಸಿದ ಈ ಇಲಾಖೆಯ ಹಿಂದಿನ ಸುತ್ತೋಲೆ (ತಂದೆ ಸಮಾನರ ಕೋರಿಕೆಯ ಮೇರೆಗೆ ಹಿಂಪಡೆಯಲಾಗಿದೆ).

ಪ್ರಸ್ತಾವನೆ:

ಲೋಕದಲ್ಲಿ ಇಲಾಖೆಗಳಿಗೇನೂ ಬರವಿಲ್ಲ. ಆದರೆ ಯಾರು ಯಾರನ್ನು ಏನೆಂದು ಕರೆಯುತ್ತಾರೆ ಎಂಬುದನ್ನು ಕಿವಿಗೊಟ್ಟು ಕೇಳಿ, ಬರೆದುಕೊಂಡು, ಕಡತಕ್ಕೆ ದಾರ ಕಟ್ಟಿ ಇಡುವ ಇಲಾಖೆ ಇದೊಂದೇ. ಸ್ಥಾಪನೆಯಾದ ದಿನದಿಂದ ಈ ಇಲಾಖೆಯು ಒಂದೇ ಒಂದು ತಪ್ಪನ್ನೂ ಮಾಡಿರುವುದಿಲ್ಲ. ಮಾಡಿದ್ದ ನಾಲ್ಕನ್ನು ಕಪಾಟಿನ ಹಿಂದೆ ಇಡಲಾಗಿದೆ. ಒಂದು ದೂರಿಗೆ ಹನ್ನೊಂದು ವರ್ಷಗಳಲ್ಲಿ ಉತ್ತರಿಸುವುದು ಇಲ್ಲಿನ ವಾಡಿಕೆ. ಸದರಿ ಪ್ರಕರಣದಲ್ಲಿ ಮಾತ್ರ ನಾಲ್ಕೇ ದಿನಗಳಲ್ಲಿ ಸುತ್ತೋಲೆ ಹೊರಡಿಸಲಾಗಿದ್ದು, ಇದಕ್ಕೆ ಕಾರಣ ನಾಳೆ ಶನಿವಾರವಾಗಿರುವುದು.

ದೂರುದಾರರಾದ ಆಯಾ ಅವರು ಉಲ್ಲೇಖಿತ ಮನೆಯಲ್ಲಿ ಮಗು ಹುಟ್ಟಿದ ಹನ್ನೊಂದನೆಯ ದಿನದಿಂದ ಕೆಲಸಕ್ಕಿದ್ದಾರೆ. ಮಗುವಿಗೆ ಈಗ ಮೂರು ವರ್ಷ. ಮನೆಯಲ್ಲಿರುವವರು ಮೇಡಂ, ಸಾರ್ ಮತ್ತು ‘ಮರಿ’ ಎಂದು ಕರೆಯಲ್ಪಡುವ ಸದರಿ ಮಗು. ಮೊದಲ ದಿನ ಮೇಡಂ ಅವರು ಆಯಾ ಅವರ ಹೆಸರನ್ನು ವಿಧಿವತ್ತಾಗಿ ಕೇಳಿದ್ದುಂಟು. ಆಯಾ ಅವರು ಹೇಳಿದ್ದೂ ಉಂಟು. ಆದರೆ ಹೆಸರಿನ ಎರಡನೆಯ ಅಕ್ಷರಕ್ಕೆ ಸರಿಯಾಗಿ ಮಗು ಕಿರುಚಿದ್ದರಿಂದ ಉಳಿದ ಅಕ್ಷರಗಳು ಮೇಡಂ ಅವರ ಕಿವಿಯವರೆಗೆ ತಲುಪಲಿಲ್ಲ. ಅವರು “ಆಯ್ತು ಚಿನ್ನಾ, ಮೊದಲು ಇದನ್ನ ಎತ್ಕೋ” ಎಂದರು. ಅಂದಿನಿಂದ ಆಯಾ ಅವರು ಆ ಮನೆಯಲ್ಲಿ ಚಿನ್ನ.

ಈ ಏರ್ಪಾಟಿನಿಂದ, ಮೇಡಂ ಅವರು ಕೋಣೆಯಿಂದ ‘ಚಿನ್ನಾ’ ಎಂದು ಕೂಗಿದಾಗ ಮೂರು ತಲೆಗಳು ಒಟ್ಟಿಗೆ ತಿರುಗುತ್ತಿವೆ: ಮಗುವಿನದು, ಆಯಾ ಅವರದು ಮತ್ತು ಸಾರ್ ಅವರದು. ಸಾರ್ ಅವರಿಗೆ ಈ ಪದ ಅನ್ವಯಿಸುವುದು ನಿಂತು ಮೂರು ವರ್ಷಗಳೇ ಆಗಿದ್ದರೂ ಅವರು ಇನ್ನೂ ತಿರುಗಿ ನೋಡುತ್ತಿರುವುದನ್ನು ಪರಿಶೀಲಕರು ಮರುಕದಿಂದ ದಾಖಲಿಸಿದ್ದಾರೆ.

ಈಗ ಶನಿವಾರದ ವಿಷಯ. ಆಯಾ ಅವರಿಗೆ ಹನ್ನೆರಡು ವರ್ಷದ ಮಗಳಿದ್ದಾಳೆ. ಅವಳು ಓಡುತ್ತಾಳೆ. ಈ ಇಲಾಖೆಯಲ್ಲಿ ಊಟದ ಗಂಟೆ ಹೊಡೆದಾಗ ಆಗುವ ಓಟವನ್ನು ಬಿಟ್ಟರೆ ಅಂಥ ಓಟವನ್ನು ಯಾರೂ ಕಂಡಿಲ್ಲ. ಶಾಲೆಯ ನಾನೂರು ಮೀಟರ್ ಸ್ಪರ್ಧೆಯಲ್ಲಿ ಮೂರು ಬಾರಿ ಓಡಿ ಮೂರು ಬಾರಿಯೂ ಎರಡನೆಯವಳಾಗಿದ್ದಾಳೆ. ಮೂರು ಬಾರಿಯೂ ಕೊನೆಯ ತಿರುವಿನವರೆಗೆ ಅವಳೇ ಮುಂದೆ. ಆ ತಿರುವಿನಲ್ಲಿ, ಅಮ್ಮ ಬಂದಿದ್ದಾಳೆಯೇ ಎಂದು ಬೇಲಿಯ ಕಡೆ ಕತ್ತು ತಿರುಗಿಸುತ್ತಾಳೆ. ಅಷ್ಟರಲ್ಲಿ ಇನ್ನೊಬ್ಬಳು ದಾಟಿ ಹೋಗುತ್ತಾಳೆ. ಅಮ್ಮ ಬಂದಿರುವುದಿಲ್ಲ. ನಾಲ್ಕನೆಯ ಸ್ಪರ್ಧೆ ನಾಳೆ ಬೆಳಿಗ್ಗೆ ಹತ್ತಕ್ಕಿದ್ದು, ಇದರಲ್ಲಿ ಮೊದಲು ಬಂದವರನ್ನು ಮಾತ್ರ ಮುಂದಿನ ಹಂತಕ್ಕೆ ಕಳುಹಿಸಲಾಗುವುದೆಂದು ಶಾಲೆಯು ತಿಳಿಸಿದೆ.

ಆಯಾ ಅವರು ಈ ಶನಿವಾರಕ್ಕಾಗಿ ಐದು ಬಾರಿ ಬಾಯಿಮಾತಿನಲ್ಲಿ ರಜೆ ಕೇಳಿರುತ್ತಾರೆ. ಮೊದಲ ನಾಲ್ಕು ಬಾರಿ ಬಂದ ಉತ್ತರ ಒಂದೇ ಆಗಿದ್ದು, ಅದನ್ನು ಪರಿಶೀಲಕರು ಆಯಾ ಅವರಿಂದ ಕೇಳಿ ಅಕ್ಷರಶಃ ಬರೆದುಕೊಂಡಿದ್ದಾರೆ:

“ನೀನು ನಮ್ಮನೆಯವಳೇ ಅಲ್ವಾ ಚಿನ್ನಾಽಽ? ಮನೆಯವರು ಎಲ್ಲಾದ್ರೂ ರಜೆ ಕೇಳ್ತಾರಾ?”

ಐದನೆಯ ಬಾರಿ ಮೇಡಂ ಅವರು ನಗುತ್ತಾ, ತಮ್ಮ ಆಫೀಸಿನಲ್ಲಾದರೆ ರಜೆ ಬೇಕಾದವರು ಲೆಟರ್ ಕೊಡಬೇಕು ಎಂದರು. ಅದು ತಮಾಷೆಯ ಮಾತಾಗಿತ್ತು. ಆಯಾ ಅವರು ಅದನ್ನು ನಿಯಮವೆಂದು ತಿಳಿದರು. ಆ ಸಂಜೆ ಮಗಳು, ಶಾಲೆಯಲ್ಲಿ ಹೇಳಿಕೊಟ್ಟ ಹಾಗೆ, ಎಡಕ್ಕೆ ವಿಳಾಸ ಬಲಕ್ಕೆ ದಿನಾಂಕ ಹಾಕಿ, ‘ತಮ್ಮ ಮನೆಯಲ್ಲಿ ಮೂರು ವರ್ಷಗಳಿಂದ ಕೆಲಸ ಮಾಡುತ್ತಿರುವ’ ಎಂದು ಆರಂಭಿಸಿ, ತಾಯಿಯ ಪೂರ್ಣ ಹೆಸರನ್ನು ದುಂಡಗೆ ಬರೆದು, ಪತ್ರವನ್ನು ಅಂಚೆಗೆ ಹಾಕಿದಳು.

ಮಂಗಳವಾರ ಪತ್ರ ಬಂತು. ಬಾಗಿಲಲ್ಲಿ ಅದನ್ನು ಪಡೆದವರು ಆಯಾ ಅವರೇ. ಒಂದು ಸೊಂಟದಲ್ಲಿ ಮಗು, ಒಂದು ಕೈಯಲ್ಲಿ ಬಾಳೆಹಣ್ಣು, ಇನ್ನೊಂದರಲ್ಲಿ ತಮ್ಮದೇ ರಜಾ ಅರ್ಜಿ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮೀಟಿಂಗಿನಲ್ಲಿ ಕೂತಿದ್ದ ಮೇಡಂ ಅವರು ಪತ್ರ ಓದಿ, ಹುಬ್ಬು ಗಂಟು ಹಾಕಿ, ಆಯಾ ಅವರಿಗೆ ಎಚ್ಚರಿಕೆ ಕೊಟ್ಟರು:

“ಚಿನ್ನಾ, ಯಾರೋ ನಮ್ಮನೇಲಿ ಕೆಲಸ ಮಾಡ್ತೀನಿ ಅಂತ ಬರೆದು ರಜೆ ಕೇಳಿದಾಳೆ. ಮೋಸದವರು ಇರಬೇಕು. ಹುಷಾರು, ಇಂಥೋರನ್ನ ಒಳಗೆ ಬಿಟ್ಕೋಬೇಡ.”

ಆ ಮೋಸಗಾರ್ತಿ ತಾವೇ ಎಂದು ಹೇಳಲು ಆಯಾ ಅವರು ಬಾಯಿ ತೆರೆದರು. ತೆರೆದ ಬಾಯಿಗೆ ಮಗು ತಾನು ಅಗಿಯುತ್ತಿದ್ದ ಬಾಳೆಹಣ್ಣನ್ನು ಪ್ರೀತಿಯಿಂದ ತುರುಕಿತು. ಅವರು ಅದನ್ನು ನುಂಗುವ ಹೊತ್ತಿಗೆ ಮೇಡಂ ಅವರು ಲಕೋಟೆಯ ಮೇಲೆ ‘ಈ ಹೆಸರಿನವರು ಈ ಮನೆಯಲ್ಲಿ ಇಲ್ಲ’ ಎಂದು ಬರೆದು, ಕೆಳಗೆ ಹೋಗುವಾಗ ಅಂಚೆ ಡಬ್ಬಿಗೆ ಹಾಕುವಂತೆ ಆಯಾ ಅವರ ಕೈಗೇ ಕೊಟ್ಟು, ಮೀಟಿಂಗಿಗೆ ಮರಳಿದ್ದರು. ಹೀಗೆ ತಾವು ಇಲ್ಲವೆಂಬ ಪತ್ರವನ್ನು ತಾವೇ ಹಿಡಿದು ಲಿಫ್ಟಿನಲ್ಲಿ ಇಳಿಯುತ್ತಿದ್ದಾಗ, ಅದೇ ಕಟ್ಟಡದಲ್ಲಿ ತಂಗಿಯ ಮನೆಗೆ ಬಂದಿದ್ದ ಈ ಶಾಖೆಯ ಅಧಿಕಾರಿ ಅವರಿಗೆ ಎದುರಾದರು. ಮುಂದಿನದು ಕಡತದಲ್ಲಿದೆ.

ದೂರನ್ನು ಪಡೆದ ಕೂಡಲೇ ಇಲಾಖೆಯು ತನ್ನ ಅತ್ಯಂತ ಸಮರ್ಥ ಪರಿಶೀಲಕರನ್ನು, ಅಂದರೆ ಇರುವ ಒಬ್ಬರನ್ನು, ಬುಧವಾರ ಮತ್ತು ಗುರುವಾರ ಸದರಿ ಮನೆಯ ಬಾಲ್ಕನಿಯಲ್ಲಿ ಒಣಹಾಕಿದ್ದ ಬೆಡ್‌ಶೀಟಿನ ಹಿಂದೆ ನಿಯೋಜಿಸಿತು. ಅವರ ವರದಿಯನ್ನು ಆಧರಿಸಿ, ಎಲ್ಲ ಮಾಲೀಕರ ಗಮನಕ್ಕೆ ಈ ಮೂಲಕ ತರಲಾಗುವುದೇನೆಂದರೆ:

1. ಪರಿಭಾಷೆ. ‘ಆಯಾ’ ಎಂದರೆ ಮಗು ಏಳುವ ಮೊದಲು ಬಂದು, ಮಗು ಮಲಗಿದ ಮೇಲೆ ಹೋಗುವವರು. ಮಗು ಮಲಗದಿದ್ದರೆ ಹೋಗದವರು. ‘ಮಾಲೀಕರು’ ಎಂದರೆ ಮಗು ನಗುತ್ತಿರುವಾಗ ಫೋಟೊ ತೆಗೆಯುವವರು. ‘ಮುದ್ದು ಪದ’ ಎಂದರೆ ಹೆಸರು ಗೊತ್ತಿಲ್ಲದಿರುವುದು ಯಾರಿಗೂ ಗೊತ್ತಾಗದಂತೆ ಬಳಸುವ ಯಾವುದೇ ಪದ.

2. ಉದ್ದದ ಮಿತಿ. ವ್ಯಾಕರಣದಲ್ಲಿ ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಪ್ಲುತಕ್ಕೆ ಮೂರು ಎಂದು ಶಾಲೆಯಲ್ಲಿ ಎಲ್ಲರಿಗೂ ಹೇಳಿಕೊಡಲಾಗಿದೆ. ಅದರ ನಿಜವಾದ ಉಪಯೋಗವನ್ನು ಮೊದಲು ಕಂಡುಹಿಡಿದ ಕೀರ್ತಿ ಈ ಇಲಾಖೆಗೆ ಸಲ್ಲತಕ್ಕದ್ದು. ಪರಿಶೀಲಕರು ತಮ್ಮ ಗಡಿಯಾರದಿಂದ ಅಳೆದಂತೆ, ಕೊನೆಯ ಸ್ವರವು ‘ಚಿನ್ನ’ ಎಂದು ಒಂದು ಮಾತ್ರೆಯಲ್ಲಿ ಮುಗಿದರೆ ನೀರು ತಂದುಕೊಡಬೇಕು ಎಂದರ್ಥ. ‘ಚಿನ್ನಾ’ ಎಂದು ಎರಡು ಮಾತ್ರೆಯಾದರೆ ಸಂಜೆ ಒಂದು ಗಂಟೆ ಹೆಚ್ಚು ಇರಬೇಕು. ‘ಚಿನ್ನಾಽಽ’ ಎಂದು ಮೂರಕ್ಕೆ ಏರಿದರೆ ಶನಿವಾರ ಹೋಯಿತು. ಇನ್ನು ಮುಂದೆ ಮನೆಯೊಳಗೆ ಒಂದೂವರೆ ಮಾತ್ರೆಗಿಂತ ಉದ್ದವಾಗಿ ಯಾರನ್ನೂ ಮುದ್ದಿಸತಕ್ಕದ್ದಲ್ಲ. ಪ್ಲುತ ಬಳಸಲು ಇಚ್ಛಿಸುವವರು ಹದಿನೈದು ದಿನ ಮುಂಚಿತವಾಗಿ ಅನುಮತಿ ಪಡೆಯತಕ್ಕದ್ದು. ದೂರದಲ್ಲಿ ಹೋಗುತ್ತಿರುವ ಬಸ್ಸನ್ನು ಕೂಗಿ ನಿಲ್ಲಿಸುವುದಕ್ಕೆ ಇದು ಅನ್ವಯಿಸುವುದಿಲ್ಲ.

3. ಒರೆ ಹಚ್ಚುವುದು. ಕರೆದ ನಂತರ ಎರಡು ನಿಮಿಷಗಳೊಳಗೆ ಯಾವುದೇ ಕೆಲಸ ಹೇಳದಿದ್ದಲ್ಲಿ ಅಂಥ ‘ಚಿನ್ನ’ವನ್ನು ಶುದ್ಧವೆಂದೂ, ಹೇಳಿದಲ್ಲಿ ಬರೀ ಚಿನ್ನದ ನೀರು ಕುಡಿಸಿದ್ದೆಂದೂ ಪರಿಗಣಿಸಲಾಗುವುದು. ಸದರಿ ಮನೆಯಲ್ಲಿ ಎರಡು ದಿನಗಳಲ್ಲಿ ದಾಖಲಾದ ‘ಚಿನ್ನ’ಗಳು 143. ಅವುಗಳಲ್ಲಿ ಶುದ್ಧವಾದದ್ದು 1. ಅದೂ ಮೇಡಂ ಅವರು ಕೆಲಸ ಹೇಳಲೆಂದೇ ಅಡುಗೆಮನೆಗೆ ಬಂದು, ಏನೆಂದು ಮರೆತು, ಹಾಗೇ ವಾಪಸು ಹೋದದ್ದರಿಂದ.

4. ‘ಪುಟ್ಟಿ’. ಸದರಿ ಆಯಾ ಅವರ ವಯಸ್ಸು ನಲವತ್ತೊಂದು, ಎತ್ತರ ಐದು ಅಡಿ ಎಂಟು ಅಂಗುಲ. ಇಂಥವರನ್ನು ಅವರ ಹೆಗಲಿಗೂ ಬಾರದ ಸಾರ್ ಅವರು ‘ಪುಟ್ಟಿ’ ಎಂದು ಕರೆದು, ಅಟ್ಟದ ಮೇಲಿನ ಸೂಟ್‌ಕೇಸ್ ಇಳಿಸಿಕೊಡಲು ಹೇಳಿರುವುದು ವರದಿಯಾಗಿದೆ. ಇನ್ನು ಮುಂದೆ ಈ ಪದ ಬಳಸುವ ಮೊದಲು ಇಬ್ಬರೂ ಗೋಡೆಗೆ ಬೆನ್ನು ಕೊಟ್ಟು ನಿಂತು ಪೆನ್ಸಿಲಿನಲ್ಲಿ ಗುರುತು ಹಾಕಿಸತಕ್ಕದ್ದು. ಯಾರ ಗುರುತು ಕೆಳಗಿದೆಯೋ ಅವರೇ ಪುಟ್ಟಿ, ಅಥವಾ ಸಂದರ್ಭಾನುಸಾರ ಪುಟ್ಟ.

5. ‘ಅಕ್ಕ’. ಈ ಪದವನ್ನು ನಿಷೇಧಿಸಿರುವುದಿಲ್ಲ. ಆದರೆ ಅಕ್ಕ ಎಂದು ಕರೆಯುವವರು ಅಕ್ಕನಿಗಿರುವ ಸಕಲ ಹಕ್ಕುಗಳನ್ನೂ ಜೊತೆಗೇ ಕೊಡತಕ್ಕದ್ದು: ಬೈಯುವುದು, ಸೋಫಾದ ಮೇಲೆ ಕಾಲು ಚಾಚುವುದು, ಫ್ರಿಜ್ಜಿನ ಬಾಗಿಲು ತೆರೆದುಕೊಂಡು ಏನೂ ತೆಗೆಯದೆ ಸುಮ್ಮನೆ ನಿಲ್ಲುವುದು, ‘ನೀನು ಚಿಕ್ಕವಳಿದ್ದಾಗ ಏನು ಮಾಡಿದೆ ಗೊತ್ತಾ’ ಎಂದು ನೆಂಟರ ಮುಂದೆ ಮಾನ ಕಳೆಯುವುದು.

6. ‘ನಮ್ಮನೆಯವಳೇ’. ಕನ್ನಡದಲ್ಲಿ ಗಂಡಸೊಬ್ಬ ‘ನಮ್ಮನೆಯವಳು’ ಎಂದರೆ ಯಾರು ಎಂಬುದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ಬುಧವಾರ ಸಾರ್ ಅವರು ತಮ್ಮ ಮೇಲಧಿಕಾರಿಯೊಂದಿಗೆ ಫೋನಿನಲ್ಲಿ, “ಗಲಾಟೆ ಏನಿಲ್ಲ ಸಾರ್, ನಮ್ಮನೆಯವಳು ಮಗೂಗೆ ಊಟ ಮಾಡಿಸ್ತಿದಾಳೆ” ಎಂದರು. ಮೇಲಧಿಕಾರಿಗಳು ಮಹಾ ಸಂತೋಷಪಟ್ಟು, ತಾಯಿಯಾದವಳು ಹೀಗೆ ಕೈಯಾರೆ ಉಣ್ಣಿಸುವುದು ಈ ಕಾಲದಲ್ಲಿ ಅಪರೂಪ ಎಂದು ಹೊಗಳಿ, ಫೋನ್ ಅವರಿಗೇ ಕೊಡುವಂತೆ ಕೇಳಿದ್ದಾರೆ. ಮುಂದಿನ ಏಳು ನಿಮಿಷಗಳ ಮಾತನ್ನು ವರದಿಯಲ್ಲಿ ಸೇರಿಸಿದೆಯಾದರೂ ಮನೆಯ ಶಾಂತಿಯ ದೃಷ್ಟಿಯಿಂದ ಇಲ್ಲಿ ಕೈಬಿಡಲಾಗಿದೆ.

ಅದಲ್ಲದೆ, ಯಾರನ್ನಾದರೂ ಮನೆಯವರು ಎನ್ನುವ ಮುನ್ನ ಅವರ ಲೋಟ ಎಲ್ಲಿದೆ ಎಂದು ನೋಡತಕ್ಕದ್ದು. ಸದರಿ ಮನೆಯಲ್ಲಿ ಮನೆಯವರ ಲೋಟಗಳು ಗಾಜಿನ ಕಪಾಟಿನಲ್ಲಿವೆ. ನಮ್ಮನೆಯವಳೇ ಎನಿಸಿಕೊಂಡವರ ಲೋಟ ಸಿಂಕಿನ ಕೆಳಗೆ, ನೆಲ ಒರೆಸುವ ಬಟ್ಟೆಯ ಪಕ್ಕದಲ್ಲಿದೆ. ಈ ಎರಡರ ನಡುವಿನ ದೂರವನ್ನು ಪರಿಶೀಲಕರು ಟೇಪಿನಿಂದ ಅಳೆಯಲು ಹೋಗಿ ಸಾಧ್ಯವಾಗದೆ ‘ಟೇಪು ಸಾಲಲಿಲ್ಲ’ ಎಂದು ಬರೆದಿದ್ದಾರೆ.

7. ಉಳಿಕೆ ಮುದ್ದು. ಪ್ರತಿ ಮನೆಗೆ ದಿನಕ್ಕೆ ಆರು ಮುದ್ದು ಪದಗಳನ್ನು ಮಂಜೂರು ಮಾಡಿದೆ. ಬಳಸದೆ ಉಳಿದವನ್ನು ಮರುದಿನಕ್ಕೆ ಮುಂದುವರಿಸುವಂತಿಲ್ಲ. ಉಳಿಕೆಯನ್ನು ತಮಗೆ ವರ್ಗಾಯಿಸಬೇಕೆಂದು ಸಾರ್ ಅವರು ಬಾಲ್ಕನಿಗೆ ಬಂದು, ಬೆಡ್‌ಶೀಟಿಗೆ ಮುಖ ಮಾಡಿ, ತಗ್ಗಿದ ದನಿಯಲ್ಲಿ ಸಲ್ಲಿಸಿದ ಮನವಿಯು ಪರಿಶೀಲನೆಯಲ್ಲಿದೆ.

8. ಪ್ರತಿಮುದ್ದು. ಮುದ್ದು ಪದಗಳನ್ನು ಬರೀ ಪ್ರೀತಿಯಿಂದ ಬಳಸುವುದಾಗಿ ವಾದಿಸುವ ಮಾಲೀಕರನ್ನು ಆಯಾ ಅವರೂ ಅಷ್ಟೇ ಪ್ರೀತಿಯಿಂದ ಕರೆಯಬಹುದಾಗಿದೆ. ಉದಾಹರಣೆಗೆ: “ಬಂಗಾರೀ, ಇವತ್ತು ನೀನೇ ಮಗೂಗೆ ಸ್ನಾನ ಮಾಡಿಸಿಬಿಡು.” ಇದನ್ನು ಸದರಿ ಮನೆಯಲ್ಲಿ ಪ್ರಾಯೋಗಿಕವಾಗಿ ಜಾರಿಗೊಳಿಸಲು ಪರಿಶೀಲಕರು ಸಲಹೆ ನೀಡಿದಾಗ ಆಯಾ ಅವರು ಬಕೆಟ್ ಕೆಳಗಿಟ್ಟು ನಕ್ಕಿರುತ್ತಾರೆ. ಎಷ್ಟು ನಕ್ಕರೆಂದರೆ ಆ ನಗು ಎರಡು ಕಟ್ಟಡಗಳಾಚೆಗೆ ಕೇಳಿ, ಅಲ್ಲಿನ ಆಯಾಗಳೂ ಕಾರಣ ತಿಳಿಯದೆ ನಗತೊಡಗಿದರು.

9. ಗುರುವಾರದ ಘಟನೆ. ಬೆಳಿಗ್ಗೆ ಹನ್ನೊಂದು ಗಂಟೆಗೆ ಮೇಡಂ ಅವರು ಎರಡು ಮಾತ್ರೆಯ ‘ಚಿನ್ನಾ’ ಬಳಸಿ ಆಯಾ ಅವರನ್ನು ಟೆರೇಸಿನಿಂದ ಬಟ್ಟೆ ತರಲು ಕಳುಹಿಸಿ, ಮಗುವನ್ನು ತಾವೇ ನೋಡಿಕೊಳ್ಳುವುದಾಗಿ ಹೇಳಿ, ಮೀಟಿಂಗಿಗೆ ಕೂತರು. ಮಗು ಎದ್ದು ಹೋಗಿ, ತೆರೆದಿದ್ದ ಲಿಫ್ಟಿನೊಳಗೆ ನಿಂತುಕೊಂಡಿತು. ಯಾರೋ ಕೆಳಗಿನಿಂದ ಗುಂಡಿ ಒತ್ತಿದರು. ಪರಿಶೀಲಕರು ಆ ಹೊತ್ತಿಗೆ ಸರಿಯಾಗಿ ‘ಚಿನ್ನ’ಗಳ ಮೊತ್ತ ಕೂಡಿಸುತ್ತಿದ್ದರೆಂಬುದನ್ನು ಇಲಾಖೆಯು ತನ್ನ ಐದನೆಯ ತಪ್ಪೆಂದು ಒಪ್ಪಿಕೊಳ್ಳುತ್ತದೆ.

ಕೆಳಗಿದ್ದ ವಾಚ್‌ಮನ್ ಹಿಂದಿನ ದಿನವಷ್ಟೇ ಕೆಲಸಕ್ಕೆ ಸೇರಿದವನು. ಯಾರ ಮಗು ಎಂದು ಕೇಳಿದಾಗ ಮಗುವು ಅಳದೆ, ತಡವರಿಸದೆ, ಆಯಾ ಅವರ ಪೂರ್ಣ ಹೆಸರನ್ನು, ‘ರ’ಕಾರದ ಬದಲು ‘ಲ’ಕಾರ ಹಾಕಿ, ಸ್ಪಷ್ಟವಾಗಿ ಹೇಳಿತು. ಪಾರ್ಕಿನಲ್ಲಿ ಎಲ್ಲಾದರೂ ತಪ್ಪಿಸಿಕೊಂಡರೆ ಯಾರ ಹೆಸರು ಹೇಳಬೇಕು ಎಂದು ಆಯಾ ಅವರು ಅದಕ್ಕೆ ದಿನಾ ಮಧ್ಯಾಹ್ನ ಮಲಗಿಸುವಾಗ ಬಾಯಿಪಾಠ ಮಾಡಿಸಿದ್ದರು. ಆ ಮನೆಯಲ್ಲಿ ಆಯಾ ಅವರ ಹೆಸರು ಬಲ್ಲವರು ಯಾರೂ ಇಲ್ಲವೆಂಬ ಪರಿಶೀಲಕರ ಷರಾವನ್ನು ಈ ಮೂಲಕ ತಿದ್ದಲಾಗಿದೆ. ಒಬ್ಬರಿದ್ದಾರೆ.

ವಾಚ್‌ಮನ್ ಇಂಟರ್‌ಕಾಮಿನಲ್ಲಿ ಮನೆಮನೆಗೂ ಫೋನ್ ಮಾಡಿ, ಇಂಥವರ ಮಗು ಇಲ್ಲಿದೆ ಎಂದು ಹೆಸರು ಹಿಡಿದು ಹೇಳಿದ. ಇಪ್ಪತ್ತೆಂಟು ಮನೆಗಳವರೂ ಆ ಹೆಸರಿನವರು ತಮ್ಮಲ್ಲಿಲ್ಲ ಎಂದರು. ನಾಲ್ಕನೇ ಮಹಡಿಯಲ್ಲಿ ಮೇಡಂ ಅವರು ಇಯರ್‌ಫೋನಿನ ಒಂದು ಕಡೆ ತೆಗೆದು ಹೇಳಿದ್ದು ಹೀಗೆ:

“ಆ ಹೆಸರಿನವರು ಈ ಮನೇಲಿ ಇಲ್ಲಪ್ಪ. ಬೇರೆ ಕಡೆ ಕೇಳು.”

ಒಂದೇ ವಾರದಲ್ಲಿ ಎರಡನೆಯ ಬಾರಿ ಬಳಸಿದ ಈ ವಾಕ್ಯದಿಂದ ಮೇಡಂ ಅವರು ತಮ್ಮದೇ ಮಗುವನ್ನು ಬೇರೆ ಕಡೆಗೆ ಕಳುಹಿಸಿದಂತಾಯಿತು. ಆಯಾ ಅವರು ಬಟ್ಟೆ ಹೊತ್ತು ಬಂದು ಮರಿ ಎಲ್ಲಿ ಎಂದರು. ನಿನ್ನ ಹತ್ತಿರ ಇಲ್ಲವೇ ಎಂದರು ಮೇಡಂ. ಬಟ್ಟೆ ನೆಲಕ್ಕೆ ಬಿತ್ತು. ಆಯಾ ಅವರು ಲಿಫ್ಟಿಗೆ ಕಾಯದೆ ಎಪ್ಪತ್ತೆರಡು ಮೆಟ್ಟಿಲುಗಳನ್ನು ಹತ್ತೊಂಬತ್ತು ಸೆಕೆಂಡುಗಳಲ್ಲಿ ಇಳಿದಿರುವುದನ್ನು ಪರಿಶೀಲಕರ ಗಡಿಯಾರ ದೃಢಪಡಿಸುತ್ತದೆ. ಮಗಳ ಓಟ ಎಲ್ಲಿಂದ ಬಂದದ್ದು ಎಂಬುದಕ್ಕೆ ಇಲಾಖೆಗೆ ಬೇರೆ ಪುರಾವೆ ಬೇಕಿಲ್ಲ. ಹಿಂದೆಯೇ ಮೇಡಂ ಅವರು ಬರಿಗಾಲಲ್ಲಿ, ಕಿವಿಯಿಂದ ಇಯರ್‌ಫೋನ್ ಜೋತಾಡಿಸಿಕೊಂಡು, ಇಪ್ಪತ್ತೊಂಬತ್ತು ಸೆಕೆಂಡುಗಳಲ್ಲಿ ಇಳಿದರು. ಅವರ ಬರಿಗಾಲುಗಳನ್ನು ಪರಿಗಣಿಸಿದರೆ ಅದೂ ಕಡಿಮೆಯ ಸಾಧನೆಯಲ್ಲ.

ಮಗು ವಾಚ್‌ಮನ್‌ನ ಕುರ್ಚಿಯಲ್ಲಿ ಕೂತು ಅವನ ಬಿಸ್ಕತ್ತು ತಿನ್ನುತ್ತಿತ್ತು. ಆಯಾ ಅವರನ್ನು ಕಂಡು, ನಾನು ಹೇಳಿದೆನಲ್ಲ ಎಂಬ ಗತ್ತಿನಲ್ಲಿ, ಅವರ ಹೆಸರನ್ನು ಇನ್ನೊಮ್ಮೆ ಹೇಳಿತು. ವಾಚ್‌ಮನ್ ಹೊಸಬನಾದ್ದರಿಂದ ಕೇಳಬಾರದ್ದನ್ನು ಕೇಳಿದ: “ಈ ಹೆಸರಿನವರು ನಿಮ್ಮನೇಲಿ ಇಲ್ಲ ಅಂದ್ರಲ್ಲ ಮೇಡಂ?”

ಮೇಡಂ ಅವರು ಜೋತಾಡುತ್ತಿದ್ದ ಇಯರ್‌ಫೋನನ್ನು ಕಿವಿಯಿಂದ ಕಿತ್ತು, ಒಂದೇ ಮಾತು ಹೇಳಿದರು: “ಇದಾರೆ.”

ಸದರಿ ಮನೆಯವರು ಆಯಾ ಅವರ ಕುರಿತು ಬಹುವಚನ ಬಳಸಿದ್ದು ಇದೇ ಮೊದಲೆಂದು ಪರಿಶೀಲಕರು ವರದಿಯ ಕೊನೆಯ ಪುಟದಲ್ಲಿ ಬರೆದು, ಅಡಿಗೆರೆ ಎಳೆದಿದ್ದಾರೆ. ಮುಂದಿನ 144ನೆಯ ‘ಚಿನ್ನ’ಕ್ಕಾಗಿ ಅವರು ಸಂಜೆಯವರೆಗೆ ಬೆಡ್‌ಶೀಟಿನ ಹಿಂದೆ ಕಾದರೂ ಅದು ಬರಲಿಲ್ಲ.

10. ದಂಡನೆ. ಈ ಸುತ್ತೋಲೆಯನ್ನು ಉಲ್ಲಂಘಿಸುವ ಮಾಲೀಕರನ್ನು ಅವರ ಆಫೀಸಿನಲ್ಲಿ, ಕೈಕೆಳಗಿನವರ ಎದುರು, ಒಂದು ವರ್ಷದವರೆಗೆ ‘ಮುದ್ದು’ ಎಂದು ಕರೆಯಲಾಗುವುದು.

11. ಮೇಲ್ಕಂಡ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ ಈ ಕೆಳಗಿನಂತೆ ಆದೇಶಿಸಿದೆ:

(ಅ) ವಾಪಸಾದ ರಜಾ ಅರ್ಜಿಯನ್ನು ಈ ಇಲಾಖೆಯು ತಾನೇ ಮಂಜೂರು ಮಾಡಿದೆ. ಇಂಥ ಅಧಿಕಾರ ಇಲಾಖೆಗೆ ಇದೆಯೇ ಎಂದು ಯಾರಾದರೂ ಕೇಳಿದಲ್ಲಿ ಹನ್ನೊಂದು ವರ್ಷಗಳಲ್ಲಿ ಉತ್ತರಿಸಲಾಗುವುದು.

(ಆ) ನಾಳೆ ಶನಿವಾರ ಮಗುವನ್ನು ಮೇಡಂ ಮತ್ತು ಸಾರ್ ಅವರು ನೋಡಿಕೊಳ್ಳತಕ್ಕದ್ದು. ಬಾಳೆಹಣ್ಣು ಫ್ರಿಜ್ಜಿನ ಮೇಲಿದೆ.

(ಇ) ಆಯಾ ಅವರ ಹೆಸರನ್ನು ಈ ಸುತ್ತೋಲೆಯಲ್ಲಿ ಬೇಕೆಂದೇ ನಮೂದಿಸಿರುವುದಿಲ್ಲ. ತಿಳಿಯಬಯಸುವವರು ಅವರನ್ನೇ ಕೇಳತಕ್ಕದ್ದು. ಕೇಳುವಾಗ ಇಯರ್‌ಫೋನ್ ಎರಡೂ ಕಡೆ ತೆಗೆದಿರಬೇಕು. ಮಗು ಕಿರುಚಿದಲ್ಲಿ ಕಾದು, ಮತ್ತೆ ಕೇಳತಕ್ಕದ್ದು.

ಸಹಿ/- (ಓದಲಾಗದು)
ಅಧೀನ ಕಾರ್ಯದರ್ಶಿ, ಮುದ್ದು ಶಾಖೆ
ಸಂಬೋಧನೆಗಳ ಮೇಲ್ವಿಚಾರಣಾ ಇಲಾಖೆ

ಪ್ರತಿಗಳು:
1) ನಾಲ್ಕನೇ ಮಹಡಿಯ ಮೇಡಂ ಅವರಿಗೆ, ಪಾಲನೆಗಾಗಿ.
2) ಅದೇ ಮನೆಯ ಸಾರ್ ಅವರಿಗೆ. (ತಮ್ಮ ಮನವಿ ಕುರಿತು ತಮ್ಮ ಮನೆಯವರನ್ನೇ ನೇರವಾಗಿ ಸಂಪರ್ಕಿಸಲು ಕೋರಿದೆ.)
3) ಉಳಿದ ಇಪ್ಪತ್ತೇಳು ಮನೆಗಳಿಗೆ, ಅಲ್ಲಿರುವ ಹದಿನೇಳು ಚಿನ್ನಗಳ ಪೂರ್ಣ ಹೆಸರುಗಳನ್ನು ಏಳು ದಿನಗಳೊಳಗೆ ತಿಳಿದುಕೊಳ್ಳುವ ಸಲುವಾಗಿ.
4) ಹೊಸ ವಾಚ್‌ಮನ್‌ಗೆ, ಮೆಚ್ಚುಗೆಯೊಂದಿಗೆ. ಬಿಸ್ಕತ್ತಿನ ಪೊಟ್ಟಣ ಒಂದು ಲಗತ್ತಿಸಿದೆ.
5) ಈ ಸುತ್ತೋಲೆಯನ್ನು ಬೆರಳಚ್ಚು ಮಾಡಿದವರಿಗೆ. (ಊಟದ ಬಿಡುವಿನಲ್ಲಿ ‘ಇದೊಂದು ಮುಗಿಸಿಬಿಡು ಮಗಳೇ’ ಎಂದದ್ದನ್ನು ಅಧೀನ ಕಾರ್ಯದರ್ಶಿಗಳು ಹಿಂಪಡೆದಿರುತ್ತಾರೆ.)
6) ಆಯಾ ಅವರಿಗೆ, ಅವರ ಸ್ವಂತ ಹೆಸರಿನಲ್ಲಿ, ನಾಲ್ಕನೇ ಮಹಡಿಯ ವಿಳಾಸಕ್ಕೇ. ವಾಪಸು ಬರುವುದಿಲ್ಲವೆಂದು ನಂಬಲಾಗಿದೆ.
7) ಶಾಲೆಯ ಆಟದ ಮೇಷ್ಟ್ರಿಗೆ, ಕೊನೆಯ ತಿರುವಿನ ಬೇಲಿಯ ಪಕ್ಕ ಐದು ಅಡಿ ಎಂಟು ಅಂಗುಲ ಎತ್ತರದ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ ಇಡುವಂತೆ.
8) ಓಡುವ ಹುಡುಗಿಗೆ, ಅವರು ಅಲ್ಲೇ ಇರುತ್ತಾರೆ, ಕತ್ತು ತಿರುಗಿಸಿ ನೋಡುವ ಅಗತ್ಯವಿರುವುದಿಲ್ಲ ಎಂದು ಈ ಮೂಲಕ ತಿಳಿಸುತ್ತಾ.